ಒಂದೇ ಸಿರಿಂಜು, ಹಲವು ತೋಳು

ಈಜಿಪ್ಟಿನ ಕಾಲುವೆ ನೀರಿಗಿಳಿದು ದುಡಿಯುವ ರೈತರನ್ನು ಬಸವನಹುಳುವಿನ ಮೂಲಕ ಹರಡುವ ಶಿಸ್ಟೊಸೋಮಿಯಾಸಿಸ್ ರೋಗ ಕಾಡುತ್ತಿತ್ತು. 1980ರ ದಶಕದ ಆರಂಭದವರೆಗೂ ಸರ್ಕಾರ ಹಳ್ಳಿಹಳ್ಳಿಯಲ್ಲೂ ಅದಕ್ಕೆ ಇಂಜೆಕ್ಷನ್ ಕೊಡಿಸಿತು.

ಗಾಜಿನ ಸಿರಿಂಜುಗಳು. ಸರಿಯಾಗಿ ಕುದಿಸದೆಯೇ ಒಬ್ಬರಿಂದ ಇನ್ನೊಬ್ಬರಿಗೆ.

ಹೀಗೆ ಲಕ್ಷಾಂತರ ಜನರ ಮೈಗೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಸೇರಿತು. ವಿಜ್ಞಾನಿಗಳು ಆ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ.

ಇದು ಹರಡುವುದು ರಕ್ತದಿಂದ. ಆದ್ದರಿಂದ ಆಸ್ಪತ್ರೆಯಲ್ಲಿ ಪ್ರತಿ ಸಲವೂ ಹೊಸ ಸೂಜಿ, ಹೊಸ ಸಿರಿಂಜು ಬೇಕು. ಸೂಜಿ ಮಾತ್ರ ಬದಲಿಸಿದರೆ ಸಾಲದು. ಸಿರಿಂಜಿನೊಳಗೂ ರಕ್ತದ ಅಂಶ ಸೇರಿರಬಹುದು. ಪ್ಯಾಕೆಟನ್ನು ಕಣ್ಣೆದುರೇ ಒಡೆಯಿರಿ ಎಂದು ರೋಗಿ ಧೈರ್ಯವಾಗಿ ಕೇಳಬಹುದು.

ಮನೆಯಲ್ಲಿ? ರೇಜರ್, ಹಲ್ಲುಜ್ಜುವ ಬ್ರಷ್, ನೇಲ್ ಕಟರ್ ಒಬ್ಬೊಬ್ಬರಿಗೂ ಬೇರೆಬೇರೆ ಇರಬೇಕು. ಗಾಯಕ್ಕೆ ಪಟ್ಟಿ ಕಟ್ಟಿರಬೇಕು. ಆದರೆ ಒಟ್ಟಿಗೆ ಕೂತು ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಸೋಂಕು ಹರಡದು. ಸೋಂಕಿತರಿಗೆ ಬೇರೆ ತಟ್ಟೆ ಇಟ್ಟು ದೂರ ಕೂರಿಸುವುದು ಅನ್ಯಾಯ.

ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಚಿಕಿತ್ಸೆ ಇದೆ: ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ 100ರಲ್ಲಿ ಸುಮಾರು 95 ಮಂದಿ ಗುಣವಾಗುತ್ತಾರೆ. 2018ರಲ್ಲಿ ಈಜಿಪ್ಟ್ ದೇಶವ್ಯಾಪಿ ತಪಾಸಣೆ ಆರಂಭಿಸಿ, ಕೋಟಿಗಟ್ಟಲೆ ಜನರ ರಕ್ತ ಪರೀಕ್ಷಿಸಿ, ಸೋಂಕಿತರಿಗೆ ಉಚಿತವಾಗಿ ಮಾತ್ರೆ ಕೊಟ್ಟಿತು.