ತಂತ್ರಾಂಶ ಕೊಳ್ಳುವಾಗ ಮಾರಾಟ ಪ್ರತಿನಿಧಿಗೆ ಹೇಳಬೇಕಾದ ನಿಜ

ರಾಯಚೂರಿನ ರಾಜೇಂದ್ರ ಗಂಜ್‌ನ ಅಡತಿ ಅಂಗಡಿಗಳಲ್ಲಿ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ, ದೇವದುರ್ಗದ ಹತ್ತಿ ವ್ಯಾಪಾರದಲ್ಲಿ ಇಂದು ಲೆಕ್ಕಪತ್ರಗಳು ಗಣಕಯಂತ್ರವನ್ನು ಏರಿವೆ. ಆದರೆ ತಂತ್ರಾಂಶ ಮಾರಲು ಬಂದ ಪ್ರತಿನಿಧಿಯ ಎದುರು ಅನೇಕ ವರ್ತಕರು ತಳೆಯುವ ಧೋರಣೆ ದನದ ಸಂತೆಯದು: ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸಬೇಕು, ಮನಸ್ಸಿನಲ್ಲಿರುವುದು ಹೊರಬೀಳಬಾರದು. ಎತ್ತು ಕಣ್ಣೆದುರು ನಿಂತಿರುತ್ತದೆ. ಹಲ್ಲು ಎಣಿಸಬಹುದು, ನಡೆಸಿ ನೋಡಬಹುದು. ತಂತ್ರಾಂಶದ ಯೋಗ್ಯತೆ ಮಾತ್ರ ಕೊಳ್ಳುವವನ ವಹಿವಾಟಿನ ಸ್ವರೂಪವನ್ನು ಅವಲಂಬಿಸಿದೆ. ಅದನ್ನು ಮುಚ್ಚಿಟ್ಟರೆ ಪ್ರಾಮಾಣಿಕ ಮಾರಾಟಗಾರನೂ ತಪ್ಪು ಸರಕನ್ನೇ ಕೊಟ್ಟು ಹೋಗುತ್ತಾನೆ.

ಅಕ್ಕಿ ಗಿರಣಿಯ ಉದಾಹರಣೆ ಗಮನಾರ್ಹ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಚೀಲದಲ್ಲಿ ಮೊದಲೇ ತುಂಬಿ ಲೇಬಲ್ ಹಚ್ಚಿ ಮಾರುವ ಅಕ್ಕಿಗೆ ಶೇ. 5 ಜಿಎಸ್‌ಟಿ ಇದೆ. ಬಿಡಿ ಅಕ್ಕಿಗೂ ಅದಕ್ಕಿಂತ ದೊಡ್ಡ ಚೀಲಕ್ಕೂ ಇಲ್ಲ. ಒಂದೇ ಗಿರಣಿ ಎರಡು ಬಗೆಯ ಬಿಲ್ಲು ಬರೆಯಬೇಕಾಗುತ್ತದೆ. ಹೂಡುವಳಿ ತೆರಿಗೆಯ ಜಮೆಯನ್ನೂ ಎರಡು ಭಾಗ ಮಾಡಬೇಕಾಗುತ್ತದೆ. "ನಮ್ಮದು ಅಕ್ಕಿ, ತೆರಿಗೆ ಬರುವುದಿಲ್ಲ" ಎಂದಷ್ಟೇ ಹೇಳಿದರೆ ಪ್ರತಿನಿಧಿ ಸಾದಾ ಬಿಲ್ಲಿನ ತಂತ್ರಾಂಶವನ್ನು ಕೂಡಿಸಿಕೊಟ್ಟು ಹೋಗುತ್ತಾನೆ. ವಹಿವಾಟಿನ ಮೊತ್ತವನ್ನು ಸಂಕೋಚದಿಂದ ಕಡಿಮೆ ಹೇಳುವುದು ಇನ್ನೂ ಅಪಾಯಕರ. 2023ರ ಆಗಸ್ಟ್ 1ರಿಂದ, 2017-18ರಿಂದ ಈಚಿನ ಯಾವುದೇ ಹಿಂದಿನ ವರ್ಷದಲ್ಲಿ ಒಟ್ಟು ವಹಿವಾಟು 5 ಕೋಟಿ ರೂಪಾಯಿ ಮೀರಿದವರು ನೋಂದಾಯಿತ ವರ್ತಕರಿಗೆ ತೆರಿಗೆಯುಳ್ಳ ಸರಕು ಮಾರುವಾಗ ಇ-ಇನ್‌ವಾಯ್ಸ್ ಪಡೆಯಲೇಬೇಕು. ಈ 5 ಕೋಟಿಯಲ್ಲಿ ತೆರಿಗೆಯಿಲ್ಲದ ಅಕ್ಕಿಯ ಮಾರಾಟವೂ, ಅದೇ ಪ್ಯಾನ್ ಸಂಖ್ಯೆಯ ಎಲ್ಲ ಶಾಖೆಗಳ ಮಾರಾಟವೂ ಸೇರುತ್ತದೆ. ಇದು ಬಹಳ ಜನರಿಗೆ ತಿಳಿದಿಲ್ಲ. ಇ-ಇನ್‌ವಾಯ್ಸ್ ಇಲ್ಲದ ಬಿಲ್ಲು ಕಾಯಿದೆಯ ದೃಷ್ಟಿಯಲ್ಲಿ ಬಿಲ್ಲೇ ಅಲ್ಲ. ಕೊಂಡ ಗಿರಾಕಿಯ ತೆರಿಗೆ ಜಮೆಗೂ ತೊಡಕಾಗುತ್ತದೆ.

ಹತ್ತಿಯ ಪರಿ ಬೇರೆ. ನೋಂದಾಯಿತ ವ್ಯಾಪಾರಿ ರೈತನಿಂದ ನೇರವಾಗಿ ಹತ್ತಿ ಕೊಂಡರೆ, 2017ರ ನವೆಂಬರ್ 15ರಿಂದ ತೆರಿಗೆ ಕಟ್ಟುವ ಹೊಣೆ ಕೊಂಡವನದು. ತನ್ನ ಹೆಸರಿಗೆ ತಾನೇ ಬಿಲ್ಲು ಬರೆದುಕೊಂಡು, ತೆರಿಗೆಯನ್ನು ನಗದಾಗಿ ಕಟ್ಟಿ, ಬಳಿಕ ಜಮೆ ಪಡೆಯಬೇಕು. ಖರೀದಿ ರೈತರಿಂದಲೇ ಎಂದು ಪ್ರತಿನಿಧಿಗೆ ತಿಳಿಸದಿದ್ದರೆ ಇವೆಲ್ಲ ಸಾಧಾರಣ ಖರೀದಿಯಾಗಿ ದಾಖಲಾಗಿ, ತಪ್ಪು ವರ್ಷಾಂತ್ಯದಲ್ಲಿ ಶೇ. 18ರ ಬಡ್ಡಿಯೊಡನೆ ಹೊರಬೀಳುತ್ತದೆ.

ನಿಜ ಹೇಳುವುದಕ್ಕೆ ಕಾನೂನಿನ ಬೆಲೆಯೂ ಇದೆ. ಸಿದ್ಧ ತಂತ್ರಾಂಶವೂ ಸರಕೇ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರಾಟಗಾರನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ ಮಾತ್ರ, ಅಂಥ ಸರಕು ಮಾರುವುದೇ ಕಸುಬಾದ ಮಾರಾಟಗಾರನು ಅದು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತಿಗೆ ಒಳಪಡುತ್ತಾನೆ. ಉದ್ದೇಶವನ್ನೇ ಹೇಳದವನಿಗೆ ಆ ರಕ್ಷಣೆಯಿಲ್ಲ. ನೆರೆಯ ಅಂಗಡಿಯವರು ಕೊಂಡರೆಂದು ಹೆಸರು ಹಿಡಿದು "ಅದನ್ನೇ ಕೊಡಿ" ಎಂದವರಿಗೂ ಸಾಮಾನ್ಯವಾಗಿ ದೊರೆಯದು. ಆದುದರಿಂದ ವ್ಯಾಪಾರದ ಬಗೆ, ವರ್ಷದ ವಹಿವಾಟು, ದಿನದ ಬಿಲ್ಲುಗಳ ಸಂಖ್ಯೆ, ಗುಮಾಸ್ತನಿಗೆ ಕನ್ನಡವಷ್ಟೇ ಬರುತ್ತದೆಂಬ ಸಂಗತಿ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ದರಪಟ್ಟಿಯಲ್ಲಿ ಅದರ ಉಲ್ಲೇಖ ಬರುವಂತೆ ನೋಡಿಕೊಳ್ಳುವುದು ಲೇಸು. ತಿಂಗಳ ಬಾಡಿಗೆಯ ಅಂತರ್ಜಾಲ ತಂತ್ರಾಂಶಕ್ಕೆ ಕರಾರುಪತ್ರವೇ ಮುಖ್ಯ ಆಧಾರವಾದ್ದರಿಂದ ಅಲ್ಲಿ ಈ ಹಾಳೆ ಇನ್ನೂ ಅವಶ್ಯ.

ಎಷ್ಟು ಗಣಕಯಂತ್ರಗಳಲ್ಲಿ ಬಳಸಲಾಗುವುದು ಎಂಬುದನ್ನೂ ಬಚ್ಚಿಡಬಾರದು. ಒಂದು ಪರವಾನಗಿ ಕೊಂಡು ನಕಲು ಪ್ರತಿಯನ್ನು ನಾಲ್ಕು ಕಡೆ ತಿಳಿದೂ ಬಳಸಿದರೆ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆಯಿದೆ. ಕೊಳ್ಳುವ ಮನಸ್ಸಿಲ್ಲದಿದ್ದರೆ "ಮುಂದಿನ ತಿಂಗಳು ನೋಡೋಣ" ಎನ್ನುತ್ತ ಬಡಪಾಯಿ ಹುಡುಗನನ್ನು ರಾಯಚೂರಿನಿಂದ ದೇವದುರ್ಗಕ್ಕೆ ನಾಲ್ಕು ಸಲ ಬಸ್ಸು ಹತ್ತಿಸುವುದೂ ಸಲ್ಲದು. ಮುಂದೊಮ್ಮೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ತಂತ್ರಾಂಶ ಕೆಟ್ಟು ನಿಂತಾಗ ಕರೆಯಬೇಕಾದವನು ಅವನೇ ಆಗಬಹುದು.

ಹಾಗೆಂದು ಎಲ್ಲವನ್ನೂ ತೆರೆದಿಡಬೇಕಿಲ್ಲ. ಗಿರಾಕಿಗಳ ಹೆಸರು, ಅವರಿಗೆ ಕೊಡುವ ದರ, ಜಿಎಸ್‌ಟಿ ಜಾಲತಾಣದ ಪಾಸ್‌ವರ್ಡ್, ಮೊಬೈಲಿಗೆ ಬರುವ ಒಟಿಪಿ ಇವು ಪ್ರತಿನಿಧಿಗೆ ಬೇಕಿಲ್ಲ. ಪ್ರಾತ್ಯಕ್ಷಿಕೆಗೆ ಹಿಂದಿನ ವರ್ಷದ ಹತ್ತು ಬಿಲ್ಲುಗಳನ್ನು ಹೆಸರು ಮರೆಮಾಡಿ ಕೊಟ್ಟರೆ ಸಾಕಾಗುತ್ತದೆ.