ಮನೆಮಂದಿಯನ್ನೆಲ್ಲ ಹಿಡಿಯುವ ವಾಂತಿ-ಭೇದಿ: ಗುರುತಿಸುವ ಬಗೆ, ಉಪಚರಿಸುವ ಬಗೆ

ವಾಂತಿ-ಭೇದಿಯೆಂದೊಡನೆ ನಮ್ಮ ಹಿರಿಯರ ನೆನಪಿಗೆ ಬರುತ್ತಿದ್ದುದು ಕಾಲರಾ ಒಂದೇ. ಅದು ಬಂದಿತೆಂದರೆ ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಭಯ ಈಗ ಬಹುಮಟ್ಟಿಗೆ ಕಡಮೆಯಾಗಿದೆ. ಆದರೆ ವಾಂತಿ-ಭೇದಿ ಮಾತ್ರ ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ. ನೆಮ್ಮದಿಯಾಗಿ ಮಲಗಿದ ಮಗು ನಡುರಾತ್ರಿಯಲ್ಲಿ ಎದ್ದು ವಾಂತಿ ಮಾಡಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ನಾಲ್ಕೈದು ಸಾರಿ ನೀರಾಗಿ ಭೇದಿಯಾಗುತ್ತದೆ. ಮರುದಿನ ತಾಯಿಗೆ, ಅದರ ಮರುದಿನ ಅಜ್ಜನಿಗೆ ಅದೇ ಪಾಡು. ಹೀಗೆ ಒಬ್ಬರಾದ ಮೇಲೊಬ್ಬರಂತೆ ಹಿಡಿಯುವ ಬೇನೆಗೆ ಬಹುಪಾಲು ಕಾರಣವಾದುದು ವೈರಸ್ ಎಂಬ ಅತಿಸೂಕ್ಷ್ಮ ರೋಗಾಣು. ಇದನ್ನು ಗುರುತಿಸುವುದು ಹೇಗೆ, ಮನೆಯಲ್ಲಿ ಉಪಚರಿಸುವುದು ಹೇಗೆ, ಯಾವ ಘಳಿಗೆಯಲ್ಲಿ ಆಸ್ಪತ್ರೆಗೆ ಧಾವಿಸಬೇಕು ಎಂಬ ಮೂರು ಸಂಗತಿಗಳನ್ನು ಇಂದು ವಿಚಾರಮಾಡೋಣ.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ಕಣ್ಣಮುಂದಿರಿಸಿಕೊಂಡು ನಾವು ಈ ಮಾತನ್ನಾಡುವುದಕ್ಕೆ ಕಾರಣವುಂಟು. ಕೃಷ್ಣೆ ಭೀಮೆಯರಿಬ್ಬರೂ ಹರಿಯುವ ನಾಡಾದರೂ ಇಲ್ಲಿಯ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಬೆವರಿನಿಂದಲೇ ದೇಹ ಸೊರಗಿರುವಾಗ ಭೇದಿಯೂ ಸೇರಿದರೆ ಅಪಾಯ ಇಮ್ಮಡಿಯಾಗುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಪೋಷಣೆ ಸಾಲದ ಇಂತಹ ಕೂಸು ಭೇದಿಯನ್ನು ತಾಳಲಾರದು. ಭೇದಿ ಪದೇ ಪದೇ ಬಂದರೆ ಅದರ ಪೋಷಣೆ ಇನ್ನಷ್ಟು ಕುಗ್ಗುವುದು. 2023ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿ-ಭೇದಿಗೆ ತುತ್ತಾದರು, ಸಾವುಗಳೂ ಸಂಭವಿಸಿದುವು. ಆದುದರಿಂದ ಇದನ್ನು ಅಲ್ಪಸ್ವಲ್ಪ ಹೊಟ್ಟೆಕೆಡುಕೆಂದು ತಳ್ಳಿಹಾಕುವುದು ಸಲ್ಲದು.

ಈ ಬೇನೆಯನ್ನು ತರುವ ವೈರಸ್‌ಗಳಲ್ಲಿ ಎರಡು ಮುಖ್ಯ. ಮೊದಲನೆಯದು ನೋರೋವೈರಸ್. ಅಮೆರಿಕೆಯ ಓಹಾಯೋ ಪ್ರಾಂತದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ 1968ರಲ್ಲಿ ಈ ಬೇನೆ ಹಬ್ಬಿತು. ಅಲ್ಲಿಯ ರೋಗಿಗಳಿಂದ ದೊರೆತ ವೈರಸ್ಸನ್ನು 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಊರಿನ ಹೆಸರೇ ರೋಗಾಣುವಿಗೂ ಅಂಟಿಕೊಂಡಿತು. ಇದು ಚಿಕ್ಕವರು ದೊಡ್ಡವರೆಂಬ ಭೇದವಿಲ್ಲದೆ ಎಲ್ಲರನ್ನೂ ಹಿಡಿಯುತ್ತದೆ. ಎರಡನೆಯದು ರೋಟಾವೈರಸ್. 1973ರಲ್ಲಿ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಇದನ್ನು ಕಂಡುಹಿಡಿದರು. ಇದು ವಿಶೇಷವಾಗಿ ಎರಡು ವರ್ಷದೊಳಗಿನ ಎಳೆಯ ಮಕ್ಕಳನ್ನು ಕಾಡುವಂಥದು.

ಗುರುತಿಸುವ ಬಗೆಯನ್ನು ಈಗ ನೋಡೋಣ. ನೋರೋವೈರಸ್ ಹೊಟ್ಟೆಯನ್ನು ಸೇರಿದ 12ರಿಂದ 48 ಗಂಟೆಗಳಲ್ಲಿ ಬೇನೆ ಹಠಾತ್ತಾಗಿ ತಲೆದೋರುತ್ತದೆ. ಓಕರಿಕೆ, ವಾಂತಿ, ನೀರಿನಂತಹ ಭೇದಿ, ಹೊಟ್ಟೆನುಲಿತ, ಮೈಕೈನೋವು, ಕೆಲವೊಮ್ಮೆ ಅಲ್ಪ ಜ್ವರ, ಇವು ಲಕ್ಷಣಗಳು. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ರೋಟಾವೈರಸ್ಸಿನಲ್ಲಿ ಜ್ವರ ಹೆಚ್ಚು. ಭೇದಿ ಮೂರರಿಂದ ಎಂಟು ದಿನಗಳವರೆಗೂ ಮುಂದುವರಿಯಬಹುದು. ಊಟದ ದೋಷದಿಂದ ಬಂದ ವಾಂತಿಯಾದರೆ ಹಲವೊಮ್ಮೆ ಉಂಡ ಕೆಲವೇ ಗಂಟೆಗಳಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಟ್ಟಿಗೆ ಬರುತ್ತದೆ. ಮಲದಲ್ಲಿ ರಕ್ತ ಕಂಡರೆ, ಜ್ವರ ಬಲವಾಗಿದ್ದರೆ, ಅದು ಆಮಶಂಕೆಯೋ ಬೇರೆ ರೋಗಾಣುವಿನ ಕೆಲಸವೋ ಆಗಿರುವ ಸಂಭವ ಹೆಚ್ಚು. ಅಕ್ಕಿ ತೊಳೆದ ನೀರಿನಂತೆ, ಹೊಟ್ಟೆನೋವಿಲ್ಲದೆ, ತಡೆಯಿಲ್ಲದೆ ಭೇದಿಯಾಗುತ್ತಿದ್ದರೆ ಕಾಲರಾ ಎಂದು ಶಂಕಿಸಬೇಕು. ಕೊನೆಯ ಎರಡು ಬಗೆಗಳಲ್ಲಿಯೂ ವೈದ್ಯರನ್ನು ಕಾಣುವುದಕ್ಕೆ ತಡಮಾಡಕೂಡದು.

ಈ ಬೇನೆಯಲ್ಲಿ ಪ್ರಾಣಕ್ಕೆ ಅಪಾಯ ಬರುವುದು ಬಹುಪಾಲು ವೈರಸ್ಸಿನಿಂದ ನೇರವಾಗಿ ಅಲ್ಲ, ದೇಹದ ನೀರೂ ಉಪ್ಪೂ ಹೊರಟುಹೋಗುವುದರಿಂದ ಎಂಬುದನ್ನು ಚೆನ್ನಾಗಿ ಮನಗಾಣಬೇಕು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ, ಹೊಟ್ಟೆಗೆ ಲಂಘನ ಹಾಕಬೇಕು ಎಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಉಳಿದಿದೆ. ಓದುಬರಹ ಬಲ್ಲ ಮನೆಗಳೂ ಇದಕ್ಕೆ ಹೊರತಲ್ಲ. ಈ ನಂಬಿಕೆ ಮಗುವಿನ ಪ್ರಾಣಕ್ಕೆ ಎರವಾಗಬಲ್ಲುದು. ಭೇದಿಯ ಕಾಲದಲ್ಲಿಯೂ ಕರುಳು ಉಪ್ಪನ್ನು ಹೀರಬಲ್ಲುದು. ಆದರೆ ಅದರ ಜೊತೆಗೆ ಸಕ್ಕರೆಯ ಅಂಶವಾದ ಗ್ಲೂಕೋಸ್ ಇರಬೇಕು. ಅವೆರಡೂ ಜೊತೆಗೂಡಿ ಕರುಳಿನ ಗೋಡೆಯನ್ನು ದಾಟುತ್ತವೆ. ನೀರು ಅವುಗಳ ಬೆನ್ನು ಹಿಡಿದು ಹೋಗುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಲವಣದ್ರವ ಸಾಲದೆ ಹೋದಾಗ, ಡಾಕ್ಟರ್ ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಯಲು ಕೊಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕೂ ಕೆಳಗಿಳಿಯಿತು. ಇಂದು ಓ.ಆರ್.ಎಸ್. ಎಂಬ ಹೆಸರಿನ ಪೊಟ್ಟಣದಲ್ಲಿ ದೊರೆಯುವುದು ಅದೇ ತತ್ತ್ವದ ಔಷಧ.

ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಹಾಕಿ ಕದಡಬೇಕು. ನೀರು ಕಡಮೆಯಾದರೆ ಉಪ್ಪು ಹೆಚ್ಚಾಗಿ ಕೇಡು. ನೀರು ಹೆಚ್ಚಾದರೆ ಗುಣ ಸಾಲದು. ಹೀಗೆ ಮಾಡಿದ ದ್ರವವನ್ನು 24 ಗಂಟೆಗಳ ಮೇಲೆ ಇಡಕೂಡದು. ಪೊಟ್ಟಣ ದೊರೆಯುವವರೆಗೆ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಸಣ್ಣ ಚಮಚ ಸಕ್ಕರೆಯನ್ನೂ ಅರ್ಧ ಸಣ್ಣ ಚಮಚ ಉಪ್ಪನ್ನೂ ಅಳೆದು ಬೆರೆಸಬಹುದು. ಪ್ರತಿ ಸಾರಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಅವರು ಕುಡಿಯುವಷ್ಟು ಕೊಡತಕ್ಕದ್ದು. ಮಗು ಕುಡಿದುದನ್ನೆಲ್ಲ ಕಕ್ಕಿತೆಂದು ಕೈಚೆಲ್ಲಬೇಡಿ. ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಮ್ಮೆ ಒಂದೊಂದು ಚಮಚದಂತೆ ಕುಡಿಸಿರಿ. ಒಮ್ಮೆಗೇ ಲೋಟ ತುಂಬ ಕುಡಿಸಿದರೆ ಹೊಟ್ಟೆ ತಾಳದು. ಚಮಚ ಚಮಚವಾಗಿ ಕೊಟ್ಟುದು ನಿಲ್ಲುತ್ತದೆ.

ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು. ವಾಂತಿ ತಗ್ಗಿದೊಡನೆ ಮೆತ್ತನ್ನ, ಮಜ್ಜಿಗೆ, ಹೆಸರುಬೇಳೆಯ ಕಿಚಡಿ, ತೆಳ್ಳನೆಯ ಜೋಳದ ಅಂಬಲಿ, ಬಾಳೆಹಣ್ಣು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಗುಣವಾದ ಮೇಲೆ ಕೆಲವು ದಿನ ಒಂದು ಹೊತ್ತಿನ ಊಟವನ್ನು ಹೆಚ್ಚಾಗಿ ಕೊಡುವುದು ಒಳ್ಳೆಯದು. ಸೀಸೆಗಳಲ್ಲಿ ಮಾರುವ ಬಣ್ಣದ ಸಿಹಿ ಪಾನಕಗಳೂ ಅತಿ ಸಿಹಿಯಾದ ಹಣ್ಣಿನ ರಸಗಳೂ ಭೇದಿಯನ್ನು ಹೆಚ್ಚಿಸುತ್ತವೆ, ಅವು ಓ.ಆರ್.ಎಸ್. ಬದಲಿಗೆ ಸಲ್ಲವು. ಭೇದಿಯಾದ ಮಗುವಿಗೆ ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನು ಹತ್ತರಿಂದ ಹದಿನಾಲ್ಕು ದಿನ ಕೊಡುವ ಪದ್ಧತಿಯಿದೆ: ಆರು ತಿಂಗಳೊಳಗೆ ದಿನಕ್ಕೆ 10 ಮಿಲಿಗ್ರಾಂ, ಆಮೇಲೆ 20 ಮಿಲಿಗ್ರಾಂ. ಆಂಟಿಬಯಾಟಿಕ್ ಔಷಧಗಳು ವೈರಸ್ಸಿನ ಮೇಲೆ ನಡೆಯವು. ಭೇದಿಯನ್ನು ಕಟ್ಟುವ ಗುಳಿಗೆಗಳನ್ನು ಅಂಗಡಿಯಿಂದ ತಂದು ಮಕ್ಕಳಿಗೆ ನುಂಗಿಸುವುದು ಅಪಾಯಕರ.

ಇನ್ನು ಆಸ್ಪತ್ರೆಗೆ ಹೋಗಬೇಕಾದ ಚಿಹ್ನೆಗಳು. ಆರು ಗಂಟೆಗಳಿಗೂ ಹೆಚ್ಚು ಹೊತ್ತು ಮೂತ್ರವಾಗದಿರುವುದು, ಅಳುವಾಗ ಕಣ್ಣೀರು ಬಾರದಿರುವುದು, ಕಣ್ಣು ಗುಳಿಬೀಳುವುದು, ಕೂಸಿನ ನೆತ್ತಿ ಒಳಗಿಳಿಯುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮೆಲ್ಲಗೆ ಹಿಂದಿರುಗುವುದು, ಮಂಪರು ಹಿಡಿದು ಕುಡಿಯಲಾಗದಿರುವುದು, ಏನು ಕೊಟ್ಟರೂ ವಾಂತಿಯಾಗುವುದು, ಮಲದಲ್ಲಿ ರಕ್ತ ಬರುವುದು. ಇವುಗಳಲ್ಲಿ ಒಂದೇ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಯಾದಗಿರಿಯ ಜಿಲ್ಲಾ ಆಸ್ಪತ್ರೆಗಾಗಲಿ, ಶಹಾಪುರ ಸುರಪುರಗಳ ತಾಲ್ಲೂಕು ಆಸ್ಪತ್ರೆಗಾಗಲಿ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿರಿ. ದಾರಿಯುದ್ದಕ್ಕೂ ಎಚ್ಚರವಾಗಿದ್ದು ನುಂಗಬಲ್ಲವರಿಗೆ ಚಮಚದಿಂದ ಓ.ಆರ್.ಎಸ್. ಕುಡಿಸುತ್ತಲೇ ಇರಬೇಕು. ಆರು ತಿಂಗಳೊಳಗಿನ ಕೂಸು, ಬಸುರಿ, ಮುದುಕರು, ಮಧುಮೇಹ ಅಥವಾ ಮೂತ್ರಪಿಂಡದ ರೋಗವುಳ್ಳವರು, ಇವರ ವಿಷಯದಲ್ಲಿ ಮೊದಲಿನಿಂದಲೇ ವೈದ್ಯರ ಸಲಹೆ ಪಡೆಯುವುದು ಲೇಸು.

ರೋಗಿಯನ್ನು ಉಪಚರಿಸುವುದರ ಜೊತೆಗೆ ಮನೆಯ ಉಳಿದವರನ್ನು ಕಾಪಾಡುವುದೂ ಉಂಟಷ್ಟೆ. ನೋರೋವೈರಸ್ಸಿನ ಇಪ್ಪತ್ತಕ್ಕೂ ಕಡಮೆ ಕಣಗಳು ಬೇನೆಯನ್ನು ತರಬಲ್ಲುವೆಂದು ಲೆಕ್ಕಹಾಕಿದ್ದಾರೆ. ರೋಗಿಯ ಮಲದಲ್ಲಿಯೂ ವಾಂತಿಯಲ್ಲಿಯೂ ಅವು ಕೋಟಿಗಟ್ಟಲೆ ಇರುತ್ತವೆ. ಗುಣವಾದ ಮೇಲೂ ಎರಡು ವಾರ ಅಥವಾ ಹೆಚ್ಚು ಕಾಲ ಮಲದಲ್ಲಿ ಹೊರಬೀಳುತ್ತವೆ. ಕೈಗೆ ಹಚ್ಚಿಕೊಳ್ಳುವ ಮದ್ಯಸಾರದ ದ್ರವಕ್ಕೆ ಇವು ಅಷ್ಟಾಗಿ ಬಗ್ಗವು. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಕನಿಷ್ಠ 20 ಸೆಕೆಂಡು ಕೈ ತಿಕ್ಕಿ ತೊಳೆಯುವುದೇ ಸರಿಯಾದ ಉಪಾಯ. ಬೇನೆ ನಿಂತು ಎರಡು ಪೂರ್ಣ ದಿನ ಕಳೆಯುವವರೆಗೆ ರೋಗಿಯಾದವರು ಅಡಿಗೆಗೆ ಕೈಹಚ್ಚಕೂಡದು. ಮಕ್ಕಳನ್ನು ಶಾಲೆಗೆ ಕಳುಹಿಸಕೂಡದು. ಮೈಲಾಪುರದ ಮಲ್ಲಯ್ಯನ ಜಾತ್ರೆ, ತಿಂಥಣಿಯ ಮೌನೇಶ್ವರನ ಜಾತ್ರೆ ಮೊದಲಾದ ಕಡೆಗಳಲ್ಲಿಯೂ ಮದುವೆಮನೆಗಳಲ್ಲಿಯೂ ಸಾವಿರಾರು ಮಂದಿಗೆ ಬಡಿಸುವ ಕೈಗಳು ಈ ನಿಯಮವನ್ನು ಪಾಲಿಸಿದರೆ ಎಷ್ಟೋ ಕೇಡು ತಪ್ಪೀತು.

ವಾಂತಿ ಬಿದ್ದ ಜಾಗವನ್ನು ಮೊದಲು ಹಳೆಯ ಬಟ್ಟೆಯಿಂದ ಒರಸಿ ತೆಗೆದು, ಆಮೇಲೆ ಬ್ಲೀಚಿಂಗ್ ಪುಡಿಯ ನೀರನ್ನು ಹಾಕಬೇಕು. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಹೊಸ ಪುಡಿ ಸಾಕು. ಹಳತಾದ ಪುಡಿಗೆ ಸತ್ವವಿರದು. ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಶೌಚಾಲಯ ತೊಳೆಯುವ ಆಮ್ಲದೊಡನೆ ಅದನ್ನು ಎಂದಿಗೂ ಬೆರೆಸಕೂಡದು; ವಿಷವಾಯು ಏಳುತ್ತದೆ. ಹೊಲಸಾದ ಬಟ್ಟೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು ಬಿಸಿಲಿಗೆ ಹರವಿರಿ.

ಕುಡಿಯುವ ನೀರನ್ನು ತೆರಪಿಲ್ಲದೆ ಒಂದು ನಿಮಿಷವಾದರೂ ಕುದಿಸಬೇಕು. ಹರವಿಯ ಬಾಯಿ ಮುಚ್ಚಿರಲಿ. ಕೈ ಅದ್ದದೆ ಉದ್ದ ಹಿಡಿಯ ಸವಟಿನಿಂದ ನೀರು ತೆಗೆಯಿರಿ. ಮನೆಯಲ್ಲಿ ಶುದ್ಧೀಕರಣದ ಯಂತ್ರವಿದೆಯೆಂದು ನಗರವಾಸಿಗಳು ನಿಶ್ಚಿಂತರಾಗುವಂತಿಲ್ಲ. ಯಂತ್ರ ನೀರನ್ನು ತಿಳಿಯಾಗಿಸಬಹುದು, ಬಡಿಸುವ ಕೈಯನ್ನು ತೊಳೆಯದು. ಒಂದೇ ಓಣಿಯ ಹಲವು ಮನೆಗಳಲ್ಲಿ ಒಟ್ಟಿಗೆ ಭೇದಿ ಕಂಡರೆ ಕೊಳಾಯಿಯ ನೀರಿಗೆ ಚರಂಡಿ ಸೇರಿರಬಹುದೆಂದು ಶಂಕಿಸಿ, ಆಶಾ ಕಾರ್ಯಕರ್ತೆಗೂ ನಗರಸಭೆಗೋ ಪಂಚಾಯಿತಿಗೋ ಆ ದಿನವೇ ತಿಳಿಸಬೇಕು. ತಿಳಿದವರು ಒಂದು ದಿನ ಸುಮ್ಮನಿದ್ದರೆ ಅಷ್ಟು ಹೊತ್ತಿಗೆ ಇನ್ನೆಷ್ಟೋ ಮನೆಗಳು ಅದೇ ನೀರನ್ನು ಕುಡಿದಿರುತ್ತವೆ.

ರೋಟಾವೈರಸ್ಸಿಗೆ ಲಸಿಕೆಯಿದೆ. ದೆಹಲಿಯಲ್ಲಿ 1980ರ ದಶಕದಲ್ಲಿ ನವಜಾತ ಶಿಶುಗಳಿಂದ ದೊರೆತ ವೈರಸ್ಸಿನಿಂದಲೇ ನಮ್ಮ ದೇಶದ ಒಂದು ಲಸಿಕೆ ಸಿದ್ಧವಾಯಿತು. 2016ರಲ್ಲಿ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ರೋಟಾವೈರಸ್ ಲಸಿಕೆಯನ್ನು ಸೇರಿಸಿದರು. ಆರು, ಹತ್ತು, ಹದಿನಾಲ್ಕು ವಾರಗಳ ವಯಸ್ಸಿನಲ್ಲಿ ಬಾಯಿಗೆ ಕೊಡುವ ಈ ಲಸಿಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನೋರೋವೈರಸ್ಸಿಗೆ ಇಂತಹ ಲಸಿಕೆ ಬಳಕೆಗೆ ಬಂದಿಲ್ಲ. ಅಲ್ಲಿ ಸಾಬೂನೇ ಕಾವಲು. ಕೇಳುಗರು ಇಂದೇ ಎರಡು ಓ.ಆರ್.ಎಸ್. ಪೊಟ್ಟಣಗಳನ್ನು ತಂದು ಮನೆಯಲ್ಲಿರಿಸಿಕೊಳ್ಳಲಿ. ಅದನ್ನು ಕಲಸುವ ಕ್ರಮವನ್ನು ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ, ಮನೆಗೆಲಸಕ್ಕೆ ಬರುವವರಿಗೂ ತೋರಿಸಿಕೊಡಲಿ. ಊರಿನಲ್ಲಿರುವ ನಂಟರಿಗೂ ತಿಳಿಸಲಿ ಎಂದು ನಾವು ಕೋರುತ್ತೇವೆ.