ದೋಣಿಯಿಂದ ಇಳಿಸಿದ ಹಳೆ ಎಂಜಿನ್ ಹೊಲದ ಪಂಪಿಗೆ ಆಗುತ್ತದೆಯೇ? ಮುಂಗಡ ಕೊಡುವ ಮುನ್ನ ಇದನ್ನು ಓದಿ

"ಬೋಟ್‌ನಿಂದ ಇಳಿಸಿದ ಎಂಜಿನ್, ಗುಜರಿ ರೇಟು, ಪಂಪಿಗೂ ಆಗುತ್ತೆ, ಜನರೇಟರ್‌ಗೂ ಆಗುತ್ತೆ" ಎಂಬ ಫೋಟೊ ಗ್ರೂಪ್‌ಗೆ ಬಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರಿಗೆ ಆಸೆಯಾಗುವುದು ಸಹಜ. ಅರಿಶಿನಕ್ಕೋ ಬಾಳೆಗೋ ನೀರು ಹಾಯಿಸುವ ಹೊತ್ತಿಗೇ ಕರೆಂಟು ಹೋದರೆ ಮನೆಯಲ್ಲೊಂದು ಡೀಸೆಲ್ ಎಂಜಿನ್ ಇದ್ದಿದ್ದರೆ ಅನಿಸುತ್ತದೆ. ಅದೇ ಫೋಟೊದ ಕೆಳಗೆ ಇನ್ನೊಬ್ಬರು "ಉಪ್ಪುನೀರು ಕುಡಿದ ಕಬ್ಬಿಣ, ಮುಟ್ಟಲೇಬೇಡಿ" ಎಂದು ಬರೆದರೆ ಯಾರನ್ನು ನಂಬುವುದು?

ಎರಡೂ ಅರ್ಧಸತ್ಯ. ದೋಣಿ ಎಂಜಿನ್‌ನ ಕೆಲವು ಭಾಗಗಳು ಧಾರಾಳವಾಗಿ ಮರುಬಳಕೆಗೆ ಬರುತ್ತವೆ, ಕೆಲವು ಗುಜರಿಗೇ ಸರಿ. ಬೇರೆ ಮಾಡಿ ನೋಡಲು ಒಂದೇ ಪ್ರಶ್ನೆ ಸಾಕು: ಈ ಭಾಗವನ್ನು ಉಪ್ಪುನೀರು ಮುಟ್ಟಿದೆಯೇ, ಇಲ್ಲವೇ?

ಈ ಎಂಜಿನ್‌ಗಳು ಎಲ್ಲಿಂದ ಬರುತ್ತವೆ?

ದೋಣಿಯ ಮೈ ಗಟ್ಟಿಯಾಗಿದ್ದು ಎಂಜಿನ್ ಹಳೆಯದಾದರೆ ಮಾಲೀಕರು ಎಂಜಿನ್ ಮಾತ್ರ ಬದಲಿಸುತ್ತಾರೆ. ಸರ್ಕಾರವೂ ಇದಕ್ಕೆ ನೆರವು ಕೊಟ್ಟಿದೆ. 2023-24ರ ರಾಜ್ಯ ಬಜೆಟ್‌ನಲ್ಲಿ ನಾಡದೋಣಿಗಳ ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಿಸಲು ತಲಾ 50,000 ರೂಪಾಯಿ ಸಹಾಯಧನ ಪ್ರಕಟಿಸಲಾಗಿತ್ತು. ಹೊಸದು ಕೂತ ಮೇಲೆ ಹಳೆಯದು ಮಾರಾಟಕ್ಕೆ ಬರುತ್ತದೆ.

ಗುಂಡ್ಲುಪೇಟೆಗೆ ಕಡಲಿಲ್ಲ ನಿಜ. ಆದರೆ ಕೋಝಿಕ್ಕೋಡ್‌ನಿಂದ ಹೊರಟ 766ನೇ ರಾಷ್ಟ್ರೀಯ ಹೆದ್ದಾರಿ ಊರೊಳಗೇ ಹಾದುಹೋಗುತ್ತದೆ, ಮೊಬೈಲ್‌ನ ಜಾಹೀರಾತಿಗಂತೂ ದೂರದ ಲೆಕ್ಕವೇ ಇಲ್ಲ.

ಹೇಳಿಕೆ 1: "ದೋಣಿ ಎಂಜಿನ್ ಅಂದರೆ ಬೇರೆಯದೇ ಜಾತಿ"

ದೊಡ್ಡ ಬೋಟ್‌ಗಳ ಡೀಸೆಲ್ ಎಂಜಿನ್ ವಿಷಯದಲ್ಲಿ ಇದು ಬಹುಪಾಲು ತಪ್ಪು. ಲಾರಿ ಎಂಜಿನ್ ಮಾಡುವ ಅಶೋಕ್ ಲೇಲ್ಯಾಂಡ್, ಪಂಪ್‌ಸೆಟ್ ಎಂಜಿನ್‌ಗೆ ಹೆಸರಾದ ಕಿರ್ಲೋಸ್ಕರ್ ದೋಣಿಗೂ ಎಂಜಿನ್ ಮಾಡುತ್ತವೆ. ನೆಲದ ಎಂಜಿನ್‌ಗೇ ಕಡಲಿಗೆ ಬೇಕಾದ ಬದಲಾವಣೆ ಮಾಡುವುದು ಸಾಮಾನ್ಯ. ಹಾಗಾಗಿ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್, ಡೀಸೆಲ್ ಪಂಪ್ ಹಲವು ಮಾದರಿಗಳಲ್ಲಿ ಲಾರಿಯವಕ್ಕೆ ಹೊಂದುತ್ತವೆ. ಪಾರ್ಟ್ ನಂಬರ್ ತಾಳೆ ನೋಡಿದರೆ ಖಚಿತವಾಗುತ್ತದೆ.

ಬೇರೆಯಾಗುವುದು ಎಂಜಿನ್ ತಣಿಸುವ ವ್ಯವಸ್ಥೆ, ಹೊಗೆ ಹೋಗುವ ದಾರಿ ಮತ್ತು ಗೇರ್‌ಬಾಕ್ಸ್. ಲಾರಿಗೆ ಮುಂದೆ ರೇಡಿಯೇಟರ್ ಇರುತ್ತದೆ. ದೋಣಿಗೆ ಸುತ್ತ ನೀರೇ ಇರುವುದರಿಂದ ರೇಡಿಯೇಟರ್ ಬೇಕಿಲ್ಲ. ಅನೇಕ ಎಂಜಿನ್‌ಗಳು ಕಡಲ ನೀರನ್ನು ಎಳೆದು, ಒಂದು ಕೊಳವೆ ಡಬ್ಬಿಯೊಳಗೆ ಹರಿಸಿ, ಎಂಜಿನ್‌ನೊಳಗಿನ ಸಿಹಿನೀರನ್ನು ತಣಿಸುತ್ತವೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ನೀರು ಹರಿದ ಭಾಗಗಳು ಒಳಗಿನಿಂದ ಸವೆಯುತ್ತವೆ. ಮೇಲೆ ಬಳಿದ ಹೊಸ ಬಣ್ಣ ಅದನ್ನು ಮುಚ್ಚಿಡಬಲ್ಲದು.

ಹೇಳಿಕೆ 2: "ನಾಡದೋಣಿ ಎಂಜಿನ್ ಪಂಪಿಗೆ ನೇರವಾಗಿ ಕೂರುತ್ತೆ"

ತಪ್ಪು. ದೋಣಿಯ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್‌ನ ಕ್ರ್ಯಾಂಕ್ ಸಾಮಾನ್ಯವಾಗಿ ನೆಟ್ಟಗೆ ನಿಂತಿರುತ್ತದೆ. ನಮ್ಮ ಪಂಪಿನ ಶಾಫ್ಟ್ ಅಡ್ಡ ಇರುತ್ತದೆ. ಜತೆಗೆ ಅದರ ಕಾಲು ನೀರಿನಲ್ಲಿ ಮುಳುಗಿದ್ದರೇ ತಂಪಾಗುವುದು. ಒಣ ನೆಲದಲ್ಲಿ ಸ್ಟಾರ್ಟ್ ಮಾಡಿದರೆ ನೀರೆಳೆಯುವ ರಬ್ಬರ್ ಚಕ್ರ ಬೇಗನೆ ಹರಿದುಹೋಗಿ ಎಂಜಿನ್ ಕಾದು ಜಾಮ್ ಆಗಬಹುದು. ಮಾರುವವರು "ಸ್ಟಾರ್ಟ್ ಮಾಡಿದ ವಿಡಿಯೊ" ಕಳಿಸಿದರೆ, ನೀರಿನ ಸಂಪರ್ಕ ಕೊಟ್ಟಿದ್ದಾರೆಯೇ ನೋಡಿ.

ಹೇಳಿಕೆ 3: "ದೊಡ್ಡ ಎಂಜಿನ್, ಚಿಕ್ಕ ಬೆಲೆ, ಲಾಭವೇ ಲಾಭ"

ಇಲ್ಲೇ ಹೆಚ್ಚು ದುಡ್ಡು ಹೋಗುವುದು. 5 ಹೆಚ್‌ಪಿ ಪಂಪಿಗೆ 100 ಹೆಚ್‌ಪಿ ಎಂಜಿನ್ ಕಟ್ಟಿದರೆ ನೀರು ಹೆಚ್ಚು ಬರುವುದಿಲ್ಲ. ತನ್ನ ಭಾರವನ್ನೇ ತಿರುಗಿಸಿಕೊಳ್ಳಲು ಎಂಜಿನ್ ಡೀಸೆಲ್ ಸುಡುತ್ತದೆ. ಹೊರೆಯಿಲ್ಲದೆ ದಿನಗಟ್ಟಲೆ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ನಾಜಲ್, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ.

ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಮೋಟಾರ್‌ಗೆ ಹೇಗೂ ಎಂಜಿನ್ ನೇರವಾಗಿ ಕಟ್ಟಲಾಗದು, ಜನರೇಟರ್ ಬೇಕು. ನಮ್ಮ ಕರೆಂಟು 50 ಹರ್ಟ್ಸ್‌ನದು. ಸಾಮಾನ್ಯ ನಾಲ್ಕು ಪೋಲ್‌ನ ಜನರೇಟರ್‌ನಿಂದ ಅದು ಸಿಗಬೇಕಾದರೆ ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲೇ ಸ್ಥಿರವಾಗಿ ಓಡಬೇಕು. ದೋಣಿ ಎಂಜಿನ್‌ನ ವೇಗ ಹೆಚ್ಚು ಕಡಿಮೆ ಮಾಡಲು ಇರುವಂಥದ್ದು. ಗವರ್ನರ್ ಹೊಂದಿಸದೆ ಓಡಿಸಿದರೆ ಮೋಟಾರ್ ಸುಟ್ಟುಹೋಗುವ ಅಪಾಯವಿದೆ. ಇದರ ಮೇಲೆ ರೇಡಿಯೇಟರ್, ಜೋಡಣೆಯ ಖರ್ಚು ಸೇರಿಸಿ ಲೆಕ್ಕ ಹಾಕಿ, ಆಮೇಲೆ ಗುಜರಿ ಬೆಲೆಯ ಬಗ್ಗೆ ಮಾತಾಡಿ.

ಬೋರ್‌ವೆಲ್ ನೀರನ್ನೇ ಎಂಜಿನ್‌ಗೆ ಹರಿಸಿ ತಣಿಸೋಣ ಎನ್ನುವವರೂ ಇದ್ದಾರೆ. ಗಡಸು ನೀರಾದರೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ ಒಳಗೂ ಕಟ್ಟಿ ದಾರಿ ಮುಚ್ಚುತ್ತದೆ.

ಯಾವುದು ತೆಗೆದುಕೊಳ್ಳಬಹುದು?

- ಬ್ಲಾಕ್, ಹೆಡ್, ಕ್ರ್ಯಾಂಕ್: ಸಿಹಿನೀರಿನಿಂದ ತಣಿಸುವ ಎಂಜಿನ್‌ನದಾಗಿದ್ದರೆ ಸರಿ. ಲೇತ್ ಅಂಗಡಿಯಲ್ಲಿ ಅಳತೆ, ಬಿರುಕು ಪರೀಕ್ಷೆ ಮಾಡಿಸಿ. ಕ್ರ್ಯಾಂಕ್ ಸವೆದಿದ್ದರೆ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕುವುದು ರೂಢಿ.
- ಡೀಸೆಲ್ ಪಂಪ್, ನಾಜಲ್: ಪಂಪ್ ಟೆಸ್ಟಿಂಗ್ ಮಾಡುವಲ್ಲಿ ತೋರಿಸಿದ ಮೇಲೆ.
- ಸೆಲ್ಫ್ ಮೋಟಾರ್, ಡೈನಮೋ: 12 ವೋಲ್ಟೋ 24 ವೋಲ್ಟೋ ನೋಡಿ. ಬಿಚ್ಚಿದಾಗ ಹಸಿರು ಕಿಲುಬು ಕಂಡರೆ ಬಿಡಿ.

ಯಾವುದು ಬೇಡ?

- ಕಡಲ ನೀರಿನ ಪಂಪ್, ಕೊಳವೆ ಡಬ್ಬಿ, ನೀರು ಬೆರೆತು ಹೊಗೆ ಹೋಗುವ ಕೊಳವೆ.
- ಎಲ್ಲ ಗ್ಯಾಸ್ಕೆಟ್, ಆಯಿಲ್ ಸೀಲ್, ರಬ್ಬರ್ ಪೈಪ್, ರಿಂಗ್, ಬೇರಿಂಗ್ ಶೆಲ್. ಇವು ಹೊಸದೇ ಆಗಬೇಕು.
- ದೋಣಿಯ ಗೇರ್‌ಬಾಕ್ಸ್, ಪ್ರೊಪೆಲ್ಲರ್: ನಮ್ಮ ಕಡೆ ಉಪಯೋಗವಿಲ್ಲ. ಮಾರುವವರೂ ಇವನ್ನು ಕರಾವಳಿಯಲ್ಲೇ ಮಾರುವುದು ಲೇಸು, ಅಲ್ಲಿ ಇದೇ ಗೇರ್‌ಬಾಕ್ಸ್ ಇನ್ನೊಂದು ದೋಣಿಗೆ ಬೇಕಾಗುತ್ತದೆ. ಕಂಚಿನ ಪ್ರೊಪೆಲ್ಲರ್ ಮುರಿದಿದ್ದರೂ ಕಬ್ಬಿಣದ ರೇಟಿಗೆ ಕೊಡುವ ವಸ್ತುವಲ್ಲ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು

ಕೆಲವು ದೋಣಿಗಳಲ್ಲಿ ಹೊಗೆಯ ಜೊತೆ ನೀರು ಬೆರೆಸಿ ತಣ್ಣಗೆ ಮಾಡಿ ರಬ್ಬರ್ ಕೊಳವೆಯಲ್ಲಿ ಹೊರಬಿಡುತ್ತಾರೆ. ಹೊಲದಲ್ಲಿ ನೀರಿಲ್ಲದೆ ಅದೇ ಕೊಳವೆ ಬಳಸಿದರೆ ರಬ್ಬರ್ ಸುಟ್ಟು ಬೆಂಕಿ ಹತ್ತಬಹುದು. ಕಬ್ಬಿಣದ ಒಣ ಸೈಲೆನ್ಸರ್ ಹಾಕಿಸಿ.

ಇನ್ನೊಂದು, ಪಂಪ್ ಮನೆಯ ಬಾಗಿಲು ಮುಚ್ಚಿ ಯಾವ ಎಂಜಿನ್ ಅನ್ನೂ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಎದ್ದು ಹೊರಬರಲು ಶಕ್ತಿ ಉಳಿಯದೆ ಹೋಗಬಹುದು.

ಲಾರಿಗೆ ಹಾಕಿಸಬಹುದೇ?

ಬಿಡಿಭಾಗ ಹೊಂದಿದರೆ ರಿಪೇರಿಗೆ ಬಳಸುವುದು ಬೇರೆ. ಇಡೀ ಎಂಜಿನ್ ಬದಲಿಸುವುದು ಬೇರೆ. ನಿಮ್ಮ ಕೆಎ-10 ಗಾಡಿಯ ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಆರ್‌ಟಿಒ ಕಚೇರಿಯಲ್ಲಿ ಕೇಳದೆ ಎಂಜಿನ್ ಬದಲಿಸಿದರೆ ಎಫ್‌ಸಿಯಲ್ಲೂ, ಅಪಘಾತದ ನಂತರ ವಿಮೆಯಲ್ಲೂ ತೊಂದರೆಯಾಗಬಹುದು.

ದುಡ್ಡು ಕೊಡುವ ಮುನ್ನ

ಎಂಜಿನ್ ನಂಬರ್ ಪ್ಲೇಟ್ ಇದೆಯೇ ನೋಡಿ. ಕೆರೆದು ಅಳಿಸಿದ್ದರೆ ಕಳವಿನ ಮಾಲಿರಬಹುದು. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಹೆಸರು, ವಿಳಾಸ, ಎಂಜಿನ್ ನಂಬರ್ ಇರುವ ಬಿಲ್ ಪಡೆಯಿರಿ. ನಿಮ್ಮ ಮೆಕ್ಯಾನಿಕ್ ಕಣ್ಣಾರೆ ನೋಡುವವರೆಗೆ ಮುಂಗಡ ಬೇಡ. "ದುಡ್ಡು ವಾಪಸ್ ಬರಲು ಯುಪಿಐ ಪಿನ್ ಒತ್ತಿ" ಎಂದರೆ ಅದು ಮೋಸ. ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಳೆ ಆಯಿಲ್ ಅನ್ನು ಬಾವಿ, ಕಾಲುವೆ ಬಳಿ ಚೆಲ್ಲಬೇಡಿ. ನೀರಿಗಾಗಿ ತಂದ ಎಂಜಿನ್ ನೀರನ್ನೇ ಕೆಡಿಸಬಾರದು.

ಆ ಫೋಟೊ ಮತ್ತೆ ಗ್ರೂಪ್‌ಗೆ ಬಂದರೆ ಅದರ ಜೊತೆಗೆ ಇದನ್ನೂ ಕಳಿಸಿ.